ನೀವು ಯಾಕೆ ಬರಲಿಲ್ಲ?

ಹೊಲಿಗೆ ಮಿಷನ್ ಕೆಟ್ಟು ನಿಂತರೆ ಮೆಕ್ಯಾನಿಕ್‌ಗಳು ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಯಾಕಮ್ಮ ಮಾತ್ರ ಒಂದು ಸ್ಟೂಲ್ ಎಳೆದುಕೊಂಡು ಕೂತು, ಹೊಲಿಯುತ್ತಿದ್ದವಳನ್ನು ವಿಚಾರಿಸಲು ಶುರುಮಾಡುತ್ತಿದ್ದಳು. ಯಾವಾಗಿನಿಂದ ಹೀಗಾಗುತ್ತಿದೆ, ಅದಕ್ಕೆ ಮುಂಚೆ ಯಾವ ಬಟ್ಟೆ ಹಾಕಿದ್ದೆ, ಸದ್ದು ಬಂದದ್ದು ದಾರ ಹರಿಯುವ ಮುಂಚೆಯೋ ಆಮೇಲೋ. ಮುನ್ನೂರು ಮಿಷನ್ನುಗಳಿದ್ದ ಆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೆಣ್ಣು ಮೆಕ್ಯಾನಿಕ್ ಅಂತ ಇದ್ದವಳು ಅವಳೊಬ್ಬಳೇ. ಸೂಪರ್‌ವೈಸರ್ ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದ. ಆದರೆ ಅವಳ ಕೈಯಲ್ಲಿ ರಿಪೇರಿಯಾದ ಮಿಷನ್ ಅದೇ ಕಾಯಿಲೆಗೆ ಎರಡನೇ ಸಲ ಬೀಳುತ್ತಿರಲಿಲ್ಲ. ಹಾಗಾಗಿ ಅವನು ಬಾಯಿ ಬಿಡುತ್ತಿರಲಿಲ್ಲ.

ಯಾಕಮ್ಮ ಎಂಬುದು ತಾಯಿ ತಂದೆ ಇಟ್ಟ ಹೆಸರಲ್ಲ, ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಬಂದದ್ದು. ಜಲಪ್ರಳಯದ ಪಾಠದ ದಿನ, ಮನುಷ್ಯರ ಪಾಪಕ್ಕೆ ಪ್ರಾಣಿಗಳೂ ಮುಳುಗಿದವು ಅಂದಮೇಲೆ ಮೀನುಗಳು ಮಾತ್ರ ಯಾಕೆ ತಪ್ಪಿಸಿಕೊಂಡವು ಎಂದು ಕೇಳಿದಳಂತೆ. ಪಾಠ ಹೇಳುತ್ತಿದ್ದವರು ಒಂದು ವಾರ ಸಮಯ ಕೇಳಿದರು. ಆ ವಾರ ಇನ್ನೂ ಮುಗಿದಿಲ್ಲ.

ನಾನೂ ಅದೇ ಚರ್ಚಿನವಳು. ನನ್ನ ಗಂಡ ಎಲೆಕ್ಟ್ರಿಷಿಯನ್, ಗಾಯಕವೃಂದದ ಕೊನೆಯ ಸಾಲಿನಲ್ಲಿ ನಿಂತು ಹಾಡುವವರು. ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಸ್ವಲ್ಪ ನಾನೇ ಕಂಡದ್ದು, ಉಳಿದದ್ದು ಯಾಕಮ್ಮ ಮತ್ತು ಅವಳ ಅಕ್ಕ ಬೇರೆ ಬೇರೆ ದಿನಗಳಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು.

ಅಕ್ಕ ತಂಗಿ ಇಬ್ಬರೂ ಮದುವೆಯಾಗಲಿಲ್ಲ. ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇದ್ದರು. ಅಕ್ಕ ಹತ್ತು ವರ್ಷ ದೊಡ್ಡವರು, ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೈದು ವರ್ಷ ದುಡಿದವರು. ತಂಗಿ ಎಷ್ಟು ಮಾತುಗಾತಿಯೋ ಅಕ್ಕ ಅಷ್ಟು ಮೌನಿ. ಭಾನುವಾರ ತಂಗಿ ಚರ್ಚಿಗೆ ಹೊರಟರೆ ಅಕ್ಕ ಮನೆಯಲ್ಲೇ ಉಳಿಯುತ್ತಿದ್ದರು. ಲಾಂಡ್ರಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ, ಅದೇ ಅಭ್ಯಾಸವಾಗಿದೆ ಎಂದು ಯಾಕಮ್ಮ ತಿಳಿದುಕೊಂಡಿದ್ದಳು. ಊರಿಗೆಲ್ಲ ಪ್ರಶ್ನೆ ಕೇಳಿದವಳು ಮನೆಯೊಳಗಿನ ಈ ಒಂದನ್ನು ಯಾಕೆ ಕೇಳಲಿಲ್ಲವೋ, ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗೆ.

ಐವತ್ತೊಂದನೇ ವಯಸ್ಸಿನಲ್ಲಿ, ಒಂದು ಬುಧವಾರ ಬೆಳಿಗ್ಗೆ, ಯಾಕಮ್ಮ ಸರಿಮಾಡಿದ ಮಿಷನ್ನಿನ ಸೂಜಿಗೆ ದಾರ ಏರಿಸಲು ಹೋಗಿ ಹಾಗೆಯೇ ನಿಂತುಬಿಟ್ಟಳು. ಕೈ ನಡುಗಲಿಲ್ಲ, ಕಣ್ಣು ಮಂಜಾಗಲಿಲ್ಲ. ಏರಿಸಿ ಏನಾಗಬೇಕು ಎನ್ನಿಸಿತಂತೆ, ಅಷ್ಟೆ. ಎರಡು ಸಾಲು ಮಿಷನ್ನುಗಳ ನಡುವೆ ನೆಲದ ಮೇಲೆ ಕೂತಳು. ಊಟದ ಗಂಟೆ ಹೊಡೆದರೂ ಏಳಲಿಲ್ಲ. ಫ್ಯಾಕ್ಟರಿಯವರು ಹೇಳಿಕಳಿಸಿದ ಮೇಲೆ ಅಕ್ಕ ಬಂದು ಕೈಹಿಡಿದು ಮನೆಗೆ ಕರೆದುಕೊಂಡು ಹೋದರು.

ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ಹನ್ನೊಂದು ತಿಂಗಳು ಹಿಡಿಯಿತು. ಅಕ್ಕ ಸ್ನಾನ ಮಾಡಿಸಿದರು, ತಲೆ ಬಾಚಿದರು, ತಟ್ಟೆ ಮುಂದಿಟ್ಟುಕೊಂಡು ಮಗುವಿಗೆ ತಿನ್ನಿಸುವಂತೆ ತಿನ್ನಿಸಿದರು. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆ ಗೋಡೆಯ ಒಂದೊಂದು ಬಿರುಕೂ ತನಗೆ ಬಾಯಿಪಾಠವಾಗಿತ್ತು ಎಂದು ಯಾಕಮ್ಮ ಆಮೇಲೆ ಹೇಳುತ್ತಿದ್ದಳು. ಒಂದು ದಿನ ಪಾತ್ರೆ ಅಂಗಡಿಯವನು ಕೆಳಗೆ ಏನನ್ನೋ ಬೀಳಿಸಿದ. ಏನು ಬಿದ್ದಿರಬಹುದು ಎಂಬ ಯೋಚನೆ ಬಂತಂತೆ. ಅವತ್ತಿನಿಂದ ಮೆಲ್ಲಗೆ ಚೇತರಿಸಿಕೊಂಡಳು.

ಒಂದು ಭಾನುವಾರ ಎದ್ದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಚರ್ಚಿಗೆ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಆರಾಧನೆ ಮುಗಿದ ಮೇಲೆ ಜನ ಬಂದು ಕೈಕುಲುಕಿದರು. ಏನು, ಈಚೆಗೆ ಕಾಣಲೇ ಇಲ್ಲ ಎಂದರು. ಸಣ್ಣಗಾಗಿದ್ದೀಯ ಎಂದರು. ಮಗಳ ಮನೆಗೆ ಹೋಗಿ ಬಂದವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. ಮಹಿಳಾ ಸಂಘದ ಅಧ್ಯಕ್ಷೆ, ನಾವೆಲ್ಲ ಹೆಡ್‌ಮೇಡಮ್ ಎಂದು ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವಳನ್ನು ನೋಡಿಯೂ ನೋಡದ ಹಾಗೆ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಅತ್ತುಕೊಂಡೋ ಸಿಟ್ಟುಮಾಡಿಕೊಂಡೋ ಇನ್ನೊಂದು ಚರ್ಚಿನ ಸಭೆ ಸೇರುತ್ತಿದ್ದರು. ಯಾಕಮ್ಮನಿಗೆ ಹುಟ್ಟಿದ್ದು ಕುತೂಹಲ. ನೂರಕ್ಕೂ ಹೆಚ್ಚು ಮನೆತನಗಳಿರುವ ಸಭೆ ಇದು. ಯಾರಾದರೂ ಕಾಲು ಮುರಿದುಕೊಂಡರೆ ಆಸ್ಪತ್ರೆಯ ಕೋಣೆ ಹಿಡಿಸದಷ್ಟು ಜನ ಸೇರುತ್ತಾರೆ. ಹಾಗಿದ್ದರೆ ಹನ್ನೊಂದು ತಿಂಗಳು ತನ್ನ ಬಾಗಿಲಿಗೆ ಒಬ್ಬರೂ ಬರಲಿಲ್ಲ ಯಾಕೆ? ಇದಕ್ಕೊಂದು ಕಾರಣ ಇರಲೇಬೇಕು, ಕಾರಣವಿಲ್ಲದೆ ಒಂದು ಹೊಲಿಗೆಯೂ ತಪ್ಪುವುದಿಲ್ಲ.

ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರ ಬಳಿ ಹೋಗಿ, ಮನೆಮನೆಗೆ ಹೋಗಿ ಕೇಳುತ್ತೇನೆ ಎಂದಳು. ಅವರು ಮೃದು ಮನುಷ್ಯ, ಹೆದರಿದರು. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು, ಕ್ಷಮಿಸಿಬಿಡಬೇಕು ಎಂದು ಬುದ್ಧಿ ಹೇಳಿದರು.

"ಕ್ಷಮಿಸಿದ್ದು ಆಗಿದೆ ಅಯ್ಯನವರೇ. ಈಗ ತಿಳ್ಕೋಬೇಕು, ಅಷ್ಟೆ" ಎಂದಳು ಯಾಕಮ್ಮ.

ಮನೆಗಳಿಗೆ ಹೋಗುವುದು ಅವಳಿಗೆ ಕಷ್ಟವಿರಲಿಲ್ಲ. ಸಭೆಯ ಅರ್ಧಕ್ಕರ್ಧ ಮನೆಗಳ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟವಳು ಅವಳೇ. ಹನ್ನೊಂದು ತಿಂಗಳಲ್ಲಿ ಎಲ್ಲ ಮಿಷನ್ನುಗಳೂ ಕಿರುಗುಟ್ಟಲು ಶುರುಮಾಡಿದ್ದವು. ಸಂಜೆ ಚೀಲ ಹಿಡಿದು ಹೋಗುವಳು, ಮಿಷನ್ ಬಿಚ್ಚಿ ಬಿಡಿಭಾಗಗಳನ್ನು ಹಳೆಯ ಬಟ್ಟೆಯ ಮೇಲೆ ಹರಡುವಳು, ಮನೆಯವರು ತಪ್ಪಿಸಿಕೊಂಡು ಹೋಗಲಾರದ ಹೊತ್ತು ನೋಡಿ ಕೇಳುವಳು. "ನನಗೆ ಹುಷಾರಿಲ್ದಾಗ ನೀವು ಯಾಕೆ ಬರಲಿಲ್ಲ? ಬೇಜಾರಿಲ್ಲ, ಸುಮ್ನೆ ಕೇಳ್ತಿದ್ದೀನಿ."

ಬೇಕರಿಯವನು ತನ್ನ ಹೆಂಡತಿ ಹೋಗಿ ಬಂದಿದ್ದಾಳೆ ಎಂದುಕೊಂಡಿದ್ದ, ಹೆಂಡತಿ ಅವನು ಹೋಗಿದ್ದಾನೆ ಎಂದುಕೊಂಡಿದ್ದಳು. ಇಬ್ಬರೂ ಅವಳೆದುರೇ ಜಗಳಕ್ಕೆ ಬಿದ್ದರು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ನರ್ಸ್ ಎರಡು ಸಲ ಬಟ್ಟೆ ಬದಲಾಯಿಸಿ ಹೊರಟು ನಿಂತು, ಏನು ತರಬೇಕು ಎಂದು ಗೊತ್ತಾಗದೆ ಕೂತುಬಿಟ್ಟಿದ್ದಳಂತೆ. ಕಾಲು ಮುರಿದವರಿಗೆ ಹಣ್ಣು ಒಯ್ಯಬಹುದು, ಮನಸ್ಸಿಗೆ ಏನು ಒಯ್ಯುವುದು? ಒಬ್ಬ ವರ್ತಕರು ಮಾತ್ರ ನೇರವಾಗಿ, ನಂಬಿಕೆ ಗಟ್ಟಿ ಇದ್ದವರಿಗೆ ಅಂಥ ಕಾಯಿಲೆ ಬರುವುದಿಲ್ಲ ಎಂದರು. ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ಯಾಕಮ್ಮ ಕೇಳಿದಳು. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದು. ಇಪ್ಪತ್ತು ವರ್ಷದಿಂದ ಅದೇ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ ಅವರ ಮುಖ ಸಣ್ಣದಾಯಿತು. ಆ ಮನೆಯ ಮಿಷನ್ ಆಮೇಲೆ ಬೇರೆ ರಿಪೇರಿಯವನ ಪಾಲಾಯಿತು.

ಸಭೆಯ ಹಿರಿಯರೊಬ್ಬರು, ಹಿಂದೆ ಸ್ಟೇಷನ್ ಮಾಸ್ಟರ್ ಆಗಿದ್ದವರು, ನಲವತ್ತೇಳು ಶುಕ್ರವಾರ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದರು. ಒಂದು ವಾರವೂ ತಪ್ಪಿಸಿರಲಿಲ್ಲ.

"ದೇವರಿಗೆ ಅಷ್ಟು ಸಲ ಹೇಳಿದ್ರಲ್ಲ, ನನಗೆ ಒಂದ್ಸಲ ಯಾಕೆ ಹೇಳಲಿಲ್ಲ?" ಎಂದಳು ಯಾಕಮ್ಮ.

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ದೇವರಿಗೆ ಹೇಳೋದು ಸುಲಭ ಕಣಮ್ಮ. ತಿರುಗಿ ಪ್ರಶ್ನೆ ಕೇಳೋದಿಲ್ಲ" ಎಂದರು. ಆ ಉತ್ತರ ಅವಳಿಗೆ ತುಂಬ ಹಿಡಿಸಿತು.

ನನ್ನ ಮನೆಗೂ ಬಂದಳು. ನಾನು ಪುರುಸೊತ್ತಾಗಲಿಲ್ಲ ಎಂದೆ. ಅದು ಸುಳ್ಳು. ನನ್ನ ಗಂಡನಿಗೆ ಆಗಾಗ ಮೂರು ನಾಲ್ಕು ದಿನ ಮಾತೇ ನಿಂತುಹೋಗುತ್ತಿತ್ತು. ಯಾಕಮ್ಮನ ಮನೆಗೆ ಹೋದರೆ ಅಲ್ಲಿ ನನ್ನ ಮನೆಯ ನಾಳೆಯನ್ನು ನೋಡಬೇಕಾಗುತ್ತದೇನೋ ಎಂಬ ಭಯ ನನಗೆ. ಅವಳು ದಾರ ಸುತ್ತುವ ಬಾಬಿನ್ ಒರೆಸುತ್ತ ನನ್ನ ಮುಖವನ್ನೊಮ್ಮೆ ನೋಡಿದಳು, ಹೆಚ್ಚು ಕೆದಕಲಿಲ್ಲ.

ಹೀಗೆ ಇಪ್ಪತ್ತಮೂರು ಮನೆಗಳಾದವು. ಅವಳು ದೂರು ಹೊತ್ತು ತಿರುಗುತ್ತಿದ್ದಾಳೆ ಎಂದು ಕೆಲವರು ಆಡಿಕೊಂಡರು. ದಿನವೂ ಅಕ್ಕನಿಗೆ ಕಂಡದ್ದು ಕೇಳಿದ್ದು ಒಪ್ಪಿಸುತ್ತಿದ್ದಳು. ಅಕ್ಕ ಮಾತ್ರ, ಮುಗಿದದ್ದನ್ನು ಯಾಕೆ ಕೆದಕುತ್ತೀಯ, ಮಲಗು ಎನ್ನುತ್ತಿದ್ದರು.

ಹೆಡ್‌ಮೇಡಮ್ ಮನೆಯನ್ನು ಯಾಕಮ್ಮ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಎಪ್ಪತ್ತು ಮುಟ್ಟಿದ, ಎರಡು ತಲೆಮಾರಿನ ಮಕ್ಕಳನ್ನು ಗದರಿಸಿದ ಹೆಂಗಸು. ಅವರ ಕೈಮಿಷನ್ ಹೊಲಿಗೆ ಬಿಡುತ್ತಿತ್ತು. ಯಾಕಮ್ಮ ಸೂಜಿ ಬದಲಾಯಿಸಿ, ಅಡಿಯ ದಾರದ ಶಟಲ್ ತೆಗೆದು ಬೆಳಕಿಗೆ ಹಿಡಿದು, ತನ್ನ ಪ್ರಶ್ನೆ ಕೇಳಿದಳು.

"ಆರು ಸಲ ಬಂದೆ" ಎಂದರು ಹೆಡ್‌ಮೇಡಮ್.

ಯಾಕಮ್ಮ ಶಟಲ್ ಕೆಳಗಿಟ್ಟಳು.

"ಹದಿನೇಳು ಮೆಟ್ಟಿಲು. ಈ ಮಂಡಿ ಇಟ್ಕೊಂಡು ಎಣಿಸ್ದೆ ಇರೋಕಾಗುತ್ತಾ? ಮೊದಲನೇ ಸಲ ಮಲಗಿದ್ದಾಳೆ ಅಂದ್ರು ನಿಮ್ಮಕ್ಕ. ಎರಡನೇ ಸಲ ಊರಲ್ಲಿಲ್ಲ ಅಂದ್ರು. ಕೊನೇ ಸಲ ಬಾಗಿಲು ಒಂದು ಗೇಣು ತೆಗೆದು, ಯಾರು ಬಂದ್ರೂ ನೀವು ಮಾತ್ರ ಬರ್ಬೇಡಿ ಅಂದ್ರು. ನೀನೇ ಹೇಳಿ ಕಳಿಸಿದ್ದು ಅಂದ್ಕೊಂಡೆ. ಅದಕ್ಕೇ ಆವತ್ತು ಚರ್ಚಲ್ಲಿ ನಿನ್ನ ಮುಖ ನೋಡೋಕಾಗಲಿಲ್ಲ."

"ನೀವು ಮಾತ್ರ ಅಂತ ಯಾಕಂದ್ಲು?"

"ಅದನ್ನ ನಿಮ್ಮಕ್ಕನ್ನೇ ಕೇಳು" ಎಂದರು ಅವರು. "ಸಿಟ್ಟಿಂದ ಕೇಳ್ಬೇಡ" ಎಂದೂ ಸೇರಿಸಿದರು.

ಯಾಕಮ್ಮ ಬಿಚ್ಚಿದ ಮಿಷನ್ನನ್ನು ಜೋಡಿಸದೆ ಒಂದು ಮನೆಯಿಂದ ಎದ್ದುಬಂದದ್ದು ಅದೇ ಮೊದಲು.

ಅಕ್ಕ ಹಾಸಿಗೆಯ ಚಾದರ ಮಡಿಸುತ್ತಿದ್ದರು. ಆಸ್ಪತ್ರೆಯ ಮಡಿಕೆ, ಮೂಲೆಗೆ ಮೂಲೆ ಕೂಡಿಸಿ. ಯಾಕಮ್ಮ ಇನ್ನೊಂದು ತುದಿ ಹಿಡಿದು ನಿಂತು ಕೇಳಿದಳು. ಎಷ್ಟು ಜನ ಬಂದಿದ್ದರು, ಎಷ್ಟು ಜನರನ್ನು ವಾಪಸ್ಸು ಕಳಿಸಿದೆ?

ಅಕ್ಕ ಮುಚ್ಚಿಡಲಿಲ್ಲ. ಹೆಡ್‌ಮೇಡಮ್ ಆರು ಸಲ, ಅಕ್ಕ ತಂಗಿಯರ ನಡುವೆ ಜಗಳವಾದೀತೆಂದು ಬಾಯಿಬಿಡದಿದ್ದ ಸಭಾಪಾಲಕರು ಎರಡು ಸಲ, ಫ್ಯಾಕ್ಟರಿಯ ಹುಡುಗಿಯರು ಒಂದು ಸಲ. ಎಲ್ಲರನ್ನೂ ಸುಳ್ಳು ಹೇಳಿ ಕಳಿಸಿದ್ದರು. ಬಂದವರೆಲ್ಲ ಬಾಗಿಲಿನಿಂದಲೇ ವಾಪಸ್ಸಾದ ಮೇಲೆ ಬರುವವರೂ ನಿಂತರು. ಆಮೇಲೆ ಚಾದರವನ್ನು ಎದೆಗೆ ಹಿಡಿದುಕೊಂಡು ಮಂಚದ ಮೇಲೆ ಕೂತು, ನಲವತ್ತೆಂಟು ವರ್ಷ ಬಾಯಿಬಿಡದೆ ಇದ್ದದ್ದನ್ನು ಹೇಳಿದರು.

ಅವರ ಅಮ್ಮನಿಗೂ ಇದೇ ಕಾಯಿಲೆ ಬಂದಿತ್ತು. ಅಕ್ಕನಿಗೆ ಹದಿನಾಲ್ಕು, ಯಾಕಮ್ಮನಿಗೆ ನಾಲ್ಕು. ಆಗ ಸಭೆಯವರು ಬಾರದೆ ಇರಲಿಲ್ಲ, ಬಂದದ್ದೇ ಹೆಚ್ಚಾಯಿತು. ಮೂರು ದಿನ ಮನೆ ತುಂಬ ಜನ. ಅಮ್ಮನ ಮೈಮೇಲೆ ದುರಾತ್ಮ ಬಂದಿದೆ ಎಂದು ತೀರ್ಮಾನಿಸಿ, ತಲೆಗೆ ಎಣ್ಣೆ ಸುರಿದು, ಸುತ್ತ ನಿಂತು ಕೂಗಿ ಪ್ರಾರ್ಥಿಸಿದರು. ಮಾಡಿದ ಪಾಪ ಒಪ್ಪಿಕೋ ಎಂದು ಒತ್ತಾಯಿಸಿದರು. ಅಪ್ಪ ಬಾಯಿಲ್ಲದ ಮನುಷ್ಯ, ಒಳ್ಳೆಯದಾಗುತ್ತದೇನೋ ಎಂದು ಕೈಮುಗಿದು ಮೂಲೆಯಲ್ಲಿ ನಿಂತಿದ್ದರು. ಅಕ್ಕನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಾಲ್ಕನೆಯ ದಿನ ಎಲ್ಲರೂ ಹೋದರು. ಅಮ್ಮ ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದರೂ, ಬಾಗಿಲು ಬಡಿದ ಸದ್ದು ಕೇಳಿದರೆ ಹಿಂದಿನ ಕೋಣೆಗೆ ಹೋಗಿ ಕೂರುತ್ತಿದ್ದರು. ಯಾಕಮ್ಮನಿಗೆ ಅದು ನೆನಪಿತ್ತು. ಅಮ್ಮನಿಗೆ ನಾಚಿಕೆ ಸ್ವಭಾವ ಎಂದುಕೊಂಡಿದ್ದಳು.

"ಬಾಗಿಲಲ್ಲಿ ನಿಂತು ಹಾಡ್ತಿದ್ದವಳು ಇವಳೇ, ಹೆಡ್‌ಮೇಡಮ್. ಎರಡು ಜಡೆ ಹಾಕ್ಕೊಂಡಿದ್ಲು" ಎಂದರು ಅಕ್ಕ. "ನಾನು ಆವತ್ತೇ ತೀರ್ಮಾನ ಮಾಡಿದ್ದೆ. ಇನ್ನೊಂದ್ಸಲ ನಮ್ಮನೇಲಿ ಯಾರಾದ್ರೂ ಹೀಗೆ ಮಲಗಿದ್ರೆ, ಬಾಗಿಲು ಕಾಯೋಳು ನಾನು ಅಂತ."

ಯಾಕಮ್ಮನಿಗೆ ಸಿಟ್ಟು ಬಂತೇ ಎಂದು ನಾನು ಕೇಳಿದ್ದೆ. ಬಂತಂತೆ, ಆದರೆ ಯಾರ ಮೇಲೆ ಇಡಬೇಕೆಂದು ತಿಳಿಯದೆ ಹಾಗೇ ಇಳಿದುಹೋಯಿತಂತೆ. ಆಗ ಅವಳು ಅಕ್ಕನನ್ನು ಕೇಳಿದ್ದು ಒಂದೇ. ಬಂದವರು ಏನು ಮಾಡಿದ್ದರೆ ಅಮ್ಮನಿಗೆ ಒಳ್ಳೆಯದಾಗುತ್ತಿತ್ತು?

ಅಕ್ಕ ಎದೆಗೆ ಹಿಡಿದಿದ್ದ ಚಾದರವನ್ನು ಮಡಿಸಿ ಪಕ್ಕಕ್ಕಿಟ್ಟರು. "ಅಮ್ಮನ ವಿಷಯ ಗೊತ್ತಿಲ್ಲ. ಮನೇಲಿ ಒಲೆ ಹಚ್ತಿದ್ದವಳು ನಾನು, ನಿನ್ನ ಸ್ನಾನ ಮಾಡಿಸ್ತಿದ್ದವಳು ನಾನು, ಸ್ಕೂಲು ಬಿಟ್ಟವಳು ನಾನು. ಅಷ್ಟು ಜನ ಬಂದ್ರಲ್ಲ, ನಿನಗೇನು ಬೇಕಮ್ಮ ಅಂತ ಒಬ್ರೂ ಕೇಳಲಿಲ್ಲ."

ಮರುದಿನ ಯಾಕಮ್ಮ ಹೆಡ್‌ಮೇಡಮ್ ಮನೆಗೆ ಹೋಗಿ ಮಿಷನ್ ಜೋಡಿಸಿದಳು. ಅಕ್ಕ ಹೇಳಿದ್ದನ್ನು ಅಕ್ಕನ ಒಪ್ಪಿಗೆ ಪಡೆದೇ ಹೇಳಿದಳು. ಹೆಡ್‌ಮೇಡಮ್‌ಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಆ ಮನೆಯ ಮಕ್ಕಳು ಇವರೇ ಎಂದು ಅವರಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆರು ಸಲ ಮೆಟ್ಟಿಲು ಹತ್ತಿದ್ದು. ಇನ್ನೊಂದು ಸಲ ಬರಬಹುದೇ, ನಿನ್ನನ್ನು ನೋಡಲು ಅಲ್ಲ, ನಿಮ್ಮಕ್ಕನನ್ನು ನೋಡಲು ಎಂದರು.

ಅಕ್ಕ ಒಂದು ವಾರ ಉತ್ತರ ಕೊಡಲಿಲ್ಲ. ಎಂಟನೆಯ ದಿನ, ಮೇಲೆ ಬರುವುದು ಬೇಡ, ನಾನೇ ಕೆಳಗೆ ಇಳಿಯುತ್ತೇನೆ ಎಂದರು. ಮಂಡಿ ನೋವಿನವರನ್ನು ಹತ್ತಿಸಬಾರದೆಂದೋ, ಮನೆಯೊಳಗೆ ಬಿಟ್ಟುಕೊಳ್ಳಬಾರದೆಂದೋ, ಯಾಕಮ್ಮನಿಗೂ ತಿಳಿಯಲಿಲ್ಲ.

ಸಂಜೆ ನಾಲ್ಕರ ಹೊತ್ತು. ಪಾತ್ರೆ ಅಂಗಡಿಯವನು ಒಂದು ಕುರ್ಚಿ ಕೊಟ್ಟ. ಹೆಡ್‌ಮೇಡಮ್ ಅದರಲ್ಲಿ ಕೂತರು, ಅಕ್ಕ ಕೊನೆಯ ಮೆಟ್ಟಿಲ ಮೇಲೆ. ಯಾಕಮ್ಮ ಮೇಲೆ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ತಾನು ಕೇಳಿಸಿಕೊಳ್ಳಬಾರದು ಎಂದು ಗೊತ್ತಿದ್ದರೂ ಕಿವಿ ಮಾತು ಕೇಳಲಿಲ್ಲ ಎನ್ನುತ್ತಾಳೆ.

ಹೆಡ್‌ಮೇಡಮ್ ಬರೆದುಕೊಂಡು ಬಂದ ಕಾಗದವೊಂದನ್ನು ತೆಗೆದರು. ಅಕ್ಕ ಅದನ್ನು ಓದಲು ಬಿಡಲಿಲ್ಲ.

"ಅದೆಲ್ಲ ಬೇಡ. ನನಗೆ ಒಂದೇ ಒಂದು ತಿಳೀಬೇಕು. ನನ್ನನ್ನ ಹೊರಗೆ ಹಾಕಿದ್ರಿ. ಒಳಗೆ ನಮ್ಮಮ್ಮ ಏನಾದ್ರೂ ಹೇಳಿದ್ರಾ?"

ಹೆಡ್‌ಮೇಡಮ್ ಕಾಗದ ಮಡಿಸಿದರು. "ನೀರು ಕೇಳಿದ್ರು. ನಾನು ಲೋಟದಲ್ಲಿ ತಂದೆ. ಉಪವಾಸ ಪ್ರಾರ್ಥನೆ ಮುಗಿಯೋವರೆಗೂ ಕೊಡಬಾರದು ಅಂದ್ರು ದೊಡ್ಡವರು. ನಾನು ಲೋಟ ಕೆಳಗಿಟ್ಟೆ. ಇಪ್ಪತ್ತೆರಡು ವರ್ಷ ನನಗೆ. ಕೊಡಬಹುದಾಗಿತ್ತು. ಕೊಡಲಿಲ್ಲ."

ಅಕ್ಕ ಬೀದಿಯನ್ನೇ ನೋಡುತ್ತಿದ್ದರು. "ಇನ್ನೇನೂ ಹೇಳಲಿಲ್ವಾ?"

"ದೊಡ್ಡವಳು ಊಟ ಮಾಡಿದ್ಲಾ ಅಂತ ಕೇಳಿದ್ರು. ಎರಡು ಸಲ ಕೇಳಿದ್ರು."

ಮೇಲಿನಿಂದ ಯಾಕಮ್ಮನಿಗೆ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಾಡಲಿಲ್ಲ. ಕೆಳಗೆ ಯಾರೋ ಗಿರಾಕಿ ಕುಕ್ಕರಿನ ಮುಚ್ಚಳಕ್ಕೆ ಚೌಕಾಸಿ ಮಾಡುತ್ತಿದ್ದರು. ಅಕ್ಕ ಎದ್ದು ನಿಂತು, ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ, ರಸ್ತೆ ಅಗೆದಿದ್ದಾರೆ ಎಂದರು. ಮುಖ್ಯರಸ್ತೆಯವರೆಗೆ ಜೊತೆಗೆ ಹೋಗಿ ಬಿಟ್ಟುಬಂದರು. ಕ್ಷಮೆಯ ಮಾತು ಅವತ್ತು ಬರಲಿಲ್ಲ, ಆಮೇಲೂ ಬಂದದ್ದು ನಾನು ಕೇಳಿಲ್ಲ. ಆದರೆ ತಿಂಗಳಿಗೊಮ್ಮೆ ಹೆಡ್‌ಮೇಡಮ್ ಬರುತ್ತಾರೆ, ಅಕ್ಕ ಕೆಳಗಿಳಿದು ಬರುತ್ತಾರೆ, ಇಬ್ಬರೂ ಅರ್ಧ ಗಂಟೆ ಮೆಟ್ಟಿಲ ಬಳಿ ಕೂರುತ್ತಾರೆ.

ಯಾಕಮ್ಮ ತಾನು ತಿಳಿದುಕೊಂಡದ್ದನ್ನು ಸಭಾಪಾಲಕರಿಗೆ ಹೇಳಿದಳು. ಅವರು ಉತ್ಸಾಹದಿಂದ ಒಂದು ಸಾಂತ್ವನ ಸಮಿತಿ ಮಾಡಿದರು. ಸಮಿತಿಗೆ ಏನು ಹೆಸರಿಡಬೇಕು ಎಂಬುದರಲ್ಲೇ ಅದರ ಮೊದಲ ಮೂರು ಸಭೆಗಳು ಮುಗಿದವು. ಯಾಕಮ್ಮನನ್ನು ಸೇರಿಸಿಕೊಳ್ಳಲು ಬಂದರು, ಅವಳು ಸೇರಲಿಲ್ಲ.

ಮುಂದಿನ ವರ್ಷ ನಮ್ಮ ಸರದಿ ಬಂತು. ನನ್ನ ಗಂಡ ಒಂದು ಕಟ್ಟಡದಲ್ಲಿ ಏಣಿಯಿಂದ ಇಳಿದು ಮನೆಗೆ ಬಂದವರು ಮತ್ತೆ ಏಣಿ ಹತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಎರಡು ವಾರ ಎಲ್ಲರಿಗೂ, ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಹೋಗಿದ್ದಾರೆ ಎಂದು ಹೇಳಿದೆ. ಬಾಗಿಲು ತೆಗೆದು ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಆಗ ಗೊತ್ತಾಯಿತು. ನನ್ನ ಸುಳ್ಳನ್ನು ಎಲ್ಲರೂ ನಂಬಿರಲಿಲ್ಲ ಅಂತ ಕಾಣುತ್ತದೆ, ಸಮಿತಿಯವರು ಒಂದು ಕಾರ್ಡು ಕಳಿಸಿದ್ದರು. ಅದರಲ್ಲಿ ಬೈಬಲ್ ವಚನವಿತ್ತು, ಹೂವಿನ ಚಿತ್ರವಿತ್ತು.

ಹದಿನೈದನೇ ದಿನ ಬಾಗಿಲು ತೆಗೆದರೆ ಅಕ್ಕ ತಂಗಿ ಇಬ್ಬರೂ ನಿಂತಿದ್ದರು. ನಾನು ಅದೇ ಸುಳ್ಳು ಹೇಳಿದೆ. ಯಾಕಮ್ಮ ತಲೆ ಅಲ್ಲಾಡಿಸಿದಳು, ಒಳಗೆ ಬರಲು ಹೆಜ್ಜೆ ಎತ್ತಲಿಲ್ಲ. ಅಕ್ಕ ಮಾತ್ರ ನನ್ನನ್ನೇ ನೋಡುತ್ತ, "ನಾವು ಒಳಗೆ ಬರ್ಬೇಕು ಅಂತೇನಿಲ್ಲ. ನಿನಗೆ ಏನಾಗ್ಬೇಕು, ಹೇಳು" ಎಂದರು.

ನನಗೆ ನಿದ್ದೆ ಬೇಕಿತ್ತು. ಅದನ್ನೇ ಹೇಳಿದೆ. ಹೇಳಿದ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಒಳಗೆ ಕರೆದೆ.

ಅಕ್ಕ ಅಡುಗೆಮನೆಗೆ ಹೋದರು. ಯಾಕಮ್ಮ ನನ್ನ ಗಂಡ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತು, ಕೂರಲೇ ಎಂದು ಕೇಳಿದಳು. ಉತ್ತರ ಬರಲಿಲ್ಲ. ಬೇಡ ಎಂದೂ ಬರಲಿಲ್ಲವಲ್ಲ ಎಂದು ಕೂತಳು. ನಾನು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡೆ. ಕಣ್ಣು ಮುಚ್ಚುವ ಮುಂಚೆ ಕೇಳಿದ್ದು ಅವಳು ಯಾರನ್ನೂ ಉದ್ದೇಶಿಸದೆ ಆಡಿದಂತಿದ್ದ ಮಾತು. ಈ ಗೋಡೆಯ ಮೇಲಿನ ಸ್ವಿಚ್ ಹಾಕಿದರೆ ಆ ಮೂಲೆಯ ದೀಪ ಹತ್ತುತ್ತದಲ್ಲ, ಮಧ್ಯೆ ಒಂದೂ ತಂತಿ ಕಾಣುವುದಿಲ್ಲ, ಗೋಡೆಯೊಳಗೆ ಅದು ಯಾವ ದಾರಿಯಲ್ಲಿ ಹೋಗುತ್ತದೆ.

ನಾಲ್ಕು ಗಂಟೆ ನಿದ್ದೆ ಮಾಡಿದ್ದೆ. ಎದ್ದಾಗ ಪಾತ್ರೆಗಳೆಲ್ಲ ತೊಳೆದು ಬೋರಲಾಗಿದ್ದವು. ಒಗೆದ ಬಟ್ಟೆ ಮೂಲೆಗೆ ಮೂಲೆ ಕೂಡಿ ಮಡಿಕೆಯಾಗಿತ್ತು. ಪಕ್ಕದ ಕೋಣೆಯಿಂದ ನನ್ನ ಗಂಡನ ದನಿ ಬರುತ್ತಿತ್ತು. ತುಂಬ ಮೆಲ್ಲಗೆ, ಮಧ್ಯೆ ಮಧ್ಯೆ ನಿಲ್ಲಿಸಿ, ಗೋಡೆಯೊಳಗೆ ತಂತಿಯ ಪೈಪು ಎಲ್ಲಿ ತಿರುಗುತ್ತದೆ ಎಂದು ವಿವರಿಸುತ್ತಿದ್ದರು. ಎರಡು ವಾರದಲ್ಲಿ ನಾನು ಕೇಳಿದ ಮೊದಲ ಮಾತು ಅದು. ನಾನು ಎದ್ದು ಹೋಗಲಿಲ್ಲ, ಅಲ್ಲೇ ಮಲಗಿ ಕೇಳಿಸಿಕೊಂಡೆ.

ಅವರು ಈಗಲೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಲವು ಭಾನುವಾರ ಹಾಡುತ್ತಾರೆ, ಕೆಲವು ಭಾನುವಾರ ಸುಮ್ಮನೆ ನಿಂತಿರುತ್ತಾರೆ. ಪಕ್ಕದಲ್ಲಿ ನಿಲ್ಲುವ ಬೇಕರಿಯವನು ಅಂಥ ದಿನಗಳಲ್ಲಿ ಏನೂ ಹೇಳದೆ ಹಾಡಿನ ಪುಸ್ತಕವನ್ನು ಇಬ್ಬರಿಗೂ ಕಾಣುವಂತೆ ಹಿಡಿಯುತ್ತಾನೆ. ಅಕ್ಕ ಚರ್ಚಿಗೆ ಬರುವುದಿಲ್ಲ, ಬರಲು ಯಾರೂ ಒತ್ತಾಯಿಸುವುದೂ ಇಲ್ಲ. ಬುಧವಾರಗಳಂದು ನಮ್ಮ ಮನೆಗೆ ಬರುತ್ತಾರೆ.